ಮೂರು ಪಾಯಿಂಟ್ ಒಂದು

ಫೆಬ್ರುವರಿ ೩

ಚಿಕ್ಕಪ್ಪನವರಿಗೆ,

ನನ್ನ ಮೂರು ಇ-ಮೇಲ್‌ಗಳಿಗೆ ನೀವು ಉತ್ತರ ಕೊಡಲಿಲ್ಲ. ಆದ್ದರಿಂದ ಈ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹನ್ನೊಂದು ವರ್ಷಗಳಿಂದ ನಮ್ಮಿಬ್ಬರ ಮನೆಗಳ ನಡುವೆ ಮಾತಿಲ್ಲ. ಆ ಮೌನವನ್ನು ಮುರಿಯುವ ಆಸೆ ನನಗೂ ಇಲ್ಲ. ಕೇಳಬೇಕಾದದ್ದು ಕೆಲಸದ ವಿಷಯ ಮಾತ್ರ.

ಹದಿನೇಳು ವರ್ಷಗಳ ಹಿಂದೆ ನೀವು ತಂತ್ರಜ್ಞರಾಗಿ ಕೆಲಸ ಮಾಡಿದ ಪ್ರಯೋಗಾಲಯದಲ್ಲೇ ನಾನೀಗ ನಾಲ್ಕನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಅಂದು ನಿಮ್ಮ ಮೇಲಧಿಕಾರಿಯಾಗಿದ್ದವರೇ ಇಂದು ನನ್ನ ಗೈಡ್. ಕಿಣ್ವವೂ ಅದೇ: ಡಿಎನ್‌ಎಗೆ ಅಂಟಿಕೊಂಡ ಮೀಥೈಲ್ ಎಂಬ ಪುಟ್ಟ ಇಂಗಾಲದ ತುಣುಕನ್ನು ಕಿತ್ತು ಅದನ್ನು ದುರಸ್ತಿ ಮಾಡುವಂಥದ್ದು, ಒಡಲಲ್ಲಿ ಒಂದು ಕಬ್ಬಿಣದ ಪರಮಾಣು ಇಲ್ಲದಿದ್ದರೆ ಕೈಕಾಲಾಡಿಸದಂಥದ್ದು. ಡಿಎನ್‌ಎಯ ಮಟ್ಟಿಗೆ ನಿಮ್ಮ ಫಲಿತಾಂಶ ನನಗೂ ಬಂದಿದೆ. ಆದರೆ ನೀವಿಬ್ಬರೂ ಸೇರಿ ಪ್ರಕಟಿಸಿದ ಲೇಖನದ ಎರಡನೆಯ ಕೋಷ್ಟಕದಲ್ಲಿ, ಇದು ಆರ್‌ಎನ್‌ಎಯನ್ನೂ ದುರಸ್ತಿ ಮಾಡುತ್ತದೆ ಎಂದಿದೆ. ಕಿತ್ತ ಪ್ರತಿಯೊಂದು ಮೀಥೈಲಿಗೂ ಒಂದು ಫಾರ್ಮಾಲ್ಡಿಹೈಡ್ ಅಣು ಹೊರಬೀಳಬೇಕು. ಅದನ್ನು ಅಳೆದು ನೀವು ಕೊಟ್ಟ ಅಂಕಿ ೩.೧. ನಾನು ಹದಿಮೂರು ಸಲ ಅಳೆದಿದ್ದೇನೆ. ಹದಿಮೂರು ಸಲವೂ ಸೊನ್ನೆ.

ಗೈಡ್ ಎಲ್ಲರೆದುರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿನ್ನ ಚಿಕ್ಕಪ್ಪನ್ನ ಕಂಡ್ರೆ ಯಂತ್ರ ಹೆದರ್ತಿತ್ತು ಕಣಮ್ಮ. ನಿನ್ನ ಕಂಡ್ರೆ ಯಂತ್ರ ನಗುತ್ತೆ." ಜೂನ್ ಹದಿನಾಲ್ಕರಂದು ಸಮಿತಿ ಸೇರುತ್ತದೆ. ಅಷ್ಟರೊಳಗೆ ಆರ್‌ಎನ್‌ಎಯ ಅಂಕಿ ಬರದಿದ್ದರೆ, ಕೆಲಸಕ್ಕೆ ಅನರ್ಹಳು ಎಂದು ಬರೆದು ನನ್ನ ನೋಂದಣಿ ರದ್ದು ಮಾಡುತ್ತಾರೆ.

ನನ್ನದು ಒಂದೇ ಪ್ರಶ್ನೆ. ಲೇಖನದಲ್ಲಿ ಬರೆಯದೆ ನೀವು ಮಾಡುತ್ತಿದ್ದ ಕೆಲಸ ಏನಾದರೂ ಇದೆಯೇ?

ನಿಮ್ಮ ವಿಧಾನವನ್ನು ಹದಿಮೂರು ಸಲ ಮಾಡಿದ,
ನಿಮ್ಮ ಅಣ್ಣನ ಮಗಳು


ಫೆಬ್ರುವರಿ ೧೯

ಅಣ್ಣನ ಮಗಳಿಗೆ,

ಇಲ್ಲ. ಬರೆದದ್ದನ್ನೇ ಮಾಡಿದ್ದೇನೆ, ಮಾಡಿದ್ದನ್ನೇ ಬರೆದಿದ್ದೇನೆ.

ನಿನಗೆ ಸೊನ್ನೆ ಬರಲು ಕಾರಣಗಳನ್ನು ನಿನ್ನ ಮೇಜಿನ ಮೇಲೆ ಹುಡುಕು. ಕಬ್ಬಿಣದ ಲವಣವನ್ನು ನೀರಿಗೆ ಹಾಕಿದಾಗ ದ್ರಾವಣ ತಿಳಿಹಸಿರಾಗಿರಬೇಕು. ಅದರಲ್ಲಿ ಹಳದಿಯ ಸುಳಿವು ಕಂಡರೂ ಗಾಳಿ ತಾಗಿ ತುಕ್ಕಾಗಿದೆಯೆಂದೇ ಅರ್ಥ. ತುಕ್ಕು ಈ ಕಿಣ್ವಕ್ಕೆ ಪ್ರಯೋಜನವಿಲ್ಲ. ನಾನು ಪ್ರತಿ ಸಲವೂ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕೈಗವಸಿನಲ್ಲಿ ಕೈಯಿಟ್ಟು ಹೊಸದಾಗಿ ತೂಗಿ ಕರಗಿಸುತ್ತಿದ್ದೆ. ನೀನು ನಿನ್ನೆಯದನ್ನೇ ಬಳಸಿರಬಹುದು. ಕಿಣ್ವವನ್ನು ಶುದ್ಧೀಕರಿಸುವ ನಿಕಲ್ ಕಾಲಂನಿಂದ ಚೂರು ನಿಕಲ್ ಕಳಚಿ ಬಂದು ಕಬ್ಬಿಣದ ಪೀಠದಲ್ಲಿ ಕುಳಿತುಬಿಡುತ್ತದೆ. ಆಮೇಲೆ ಎಷ್ಟು ಕಬ್ಬಿಣ ಕೊಟ್ಟರೂ ಅದಕ್ಕೆ ಜಾಗವಿಲ್ಲ. ಆ ನಿಕಲನ್ನು ತೆಗೆಯಲು ಇಡಿಟಿಎ ಹಾಕಿ, ಇಡಿಟಿಎಯನ್ನು ತೊಳೆಯಲು ಮರೆತರೆ, ಅದು ಮುಂದೆ ನೀನು ಕೊಡುವ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಈ ಮೂರರಲ್ಲಿ ಒಂದನ್ನು ಮಾಡಿರುತ್ತೀಯೆ. ಮೂರನ್ನೂ ಮಾಡಿದ್ದರೂ ನನಗೆ ಆಶ್ಚರ್ಯವಿಲ್ಲ. ಮೊದಲು ಕೈ, ಆಮೇಲೆ ಕಣ್ಣು: ಅದು ನಿನ್ನ ತಂದೆಯಿಂದ ಬಂದ ಬಳುವಳಿ.

ಯಂತ್ರ ನಗುವುದಿಲ್ಲ, ಹೆದರುವುದೂ ಇಲ್ಲ. ನಿನ್ನ ಗೈಡ್ ಮೊದಲಿನಿಂದಲೂ ಹೀಗೆ ಮಾತಾಡುವವರು. ಅಂಕಿ ೩.೧.

ನಿನ್ನ ಪ್ರಶ್ನೆಗೆ ಉತ್ತರ ಮುಗಿಯಿತು.

ಚಿಕ್ಕಪ್ಪ


ಮಾರ್ಚ್ ೮

ಚಿಕ್ಕಪ್ಪನವರಿಗೆ,

ನಿಮ್ಮ ಪಾಠ ತಲುಪಿತು. ಕಬ್ಬಿಣವನ್ನು ಪೆಟ್ಟಿಗೆಯೊಳಗೇ ಕರಗಿಸುತ್ತೇನೆ, ಅರ್ಧ ಗಂಟೆ ಕಳೆದರೆ ಚೆಲ್ಲುತ್ತೇನೆ. ನಿಕಲ್ ಉಳಿದಿದೆಯೇ ಎಂದು ಹೊರಗಿನ ಪ್ರಯೋಗಾಲಯದಲ್ಲಿ ಅಳೆಸಿದ್ದೇನೆ, ಇಲ್ಲ. ಇಡಿಟಿಎಯನ್ನು ಮೂರು ದಿನ ನೀರು ಬದಲಿಸಿ ತೊಳೆದಿದ್ದೇನೆ. ಇದೇ ಕಿಣ್ವ, ಇದೇ ಕಬ್ಬಿಣ, ಇದೇ ಕೈ ಡಿಎನ್‌ಎಯ ಮೇಲೆ ನಿಮ್ಮ ಅಂಕಿಯನ್ನೇ ಕೊಡುತ್ತವೆ. ಆರ್‌ಎನ್‌ಎಯ ಟ್ಯೂಬ್ ಮುಟ್ಟಿದ ಕೂಡಲೇ ನನ್ನ ಕೈಗೆ ರೋಗ ಬರುತ್ತದೆಯೇ?

ಇನ್ನೂ ಒಂದು ಕೆಲಸ ಮಾಡಿದೆ. ಹೊರಬಿದ್ದ ಫಾರ್ಮಾಲ್ಡಿಹೈಡ್ ಬಿಟ್ಟು ಆರ್‌ಎನ್‌ಎಯನ್ನೇ ತೂಗಿಸಿದೆ. ಅಣುಗಳನ್ನು ತೂಗುವ ಯಂತ್ರ ನಿಮ್ಮ ಕಾಲದಲ್ಲಿ ಇಲ್ಲಿರಲಿಲ್ಲ. ಒಂದು ಮೀಥೈಲ್ ಕಳಚಿದರೆ ತೂಕ ಹದಿನಾಲ್ಕು ಇಳಿಯಬೇಕು. ಡಿಎನ್‌ಎಯಲ್ಲಿ ಇಳಿಯಿತು. ಆರ್‌ಎನ್‌ಎ ಎರಡು ಗಂಟೆಯಾದರೂ ಅದೇ ತೂಕದಲ್ಲಿ ಕಲ್ಲಿನಂತೆ ಕೂತಿತ್ತು.

ಬಳುವಳಿಯ ಮಾತು ನೀವೇ ತೆಗೆದದ್ದರಿಂದ ಹೇಳುತ್ತೇನೆ. ಅಪ್ಪನ ಪುಟ್ಟ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂದು ಸಕ್ಕರೆಯ ಅಂಕಿ ತಪ್ಪಾಗಿ ದೂರು ಬಂದಾಗ, ಯಂತ್ರ ನೋಡಿಕೊಡು ಎಂದು ನಿಮ್ಮನ್ನು ಕರೆಸಿದ್ದು ಅಪ್ಪನೇ. ನಾಲ್ಕು ದಿನ ನಮ್ಮ ಮನೆಯಲ್ಲಿ ಉಂಡು, ನನ್ನ ಕೋಣೆಯಲ್ಲಿ ಮಲಗಿ, ಐದನೆಯ ದಿನ ಬರೆದುಕೊಟ್ಟಿರಿ: "ಯಂತ್ರ ಸರಿಯಾಗಿದೆ. ದೋಷ ನಡೆಸಿದವರದು." ಆ ಒಂದು ಸಾಲಿಗೆ ಲ್ಯಾಬಿನ ಬಾಗಿಲು ಮುಚ್ಚಿತು. ಆಗ ನನಗೆ ಹದಿನೈದು. ಈಗ ಅದೇ ಸಾಲನ್ನು ನನಗೂ ಬರೆದಿದ್ದೀರಿ. ಅಂದರೆ ನಿಮ್ಮ ಹತ್ತಿರ ಇರುವುದು ಒಂದೇ ಸಾಲು.

ನಿಮ್ಮ ಮಾತಿನಂತೆ ಕಣ್ಣಿಗಿಂತ ಕೈ ಮುಂದಿರುವ,
ಅವರ ಮಗಳು


ಮಾರ್ಚ್ ೩೦

ಅಣ್ಣನ ಮಗಳಿಗೆ,

ಅಂದು ನಲವತ್ತು ಮಾದರಿಗಳನ್ನು ಆ ಯಂತ್ರದಲ್ಲೂ ಇನ್ನೊಂದರಲ್ಲೂ ಅಳೆದೆ. ನಲವತ್ತೂ ಹೊಂದಿದವು. ಅಣ್ಣನಿಗೆ ಬೇಕಾಗಿದ್ದುದು ಬೇರೆ ಸಾಲು ಎಂದು ನನಗೆ ಗೊತ್ತಿತ್ತು. ನಲವತ್ತು ಅಂಕಿಗಳನ್ನು ಕಂಡ ಮೇಲೆ ಆ ಸಾಲು ನನ್ನ ಪೆನ್ನಿನಿಂದ ಬರುವಂತಿರಲಿಲ್ಲ. ಇದರ ಬಗ್ಗೆ ಮತ್ತೆ ಬರೆಯಬೇಡ.

ತೂಗುವ ಯಂತ್ರವೂ ಯಂತ್ರವೇ. ಆರ್‌ಎನ್‌ಎ ನಾಜೂಕಿನ ವಸ್ತು. ಕೈಯ ಬೆವರು ತಾಗಿದರೂ ತುಂಡಾಗುತ್ತದೆ. ದುರಸ್ತಿಯಾದ ಭಾಗ ತುಂಡಾಗಿ ಹೋಗಿ, ಆಗದ ಭಾಗ ಮಾತ್ರ ನಿನ್ನ ಯಂತ್ರಕ್ಕೆ ಸಿಕ್ಕಿರಬಹುದು.

ನನ್ನ ಅಳತೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಿಣ್ವವಿಲ್ಲದೆ, ಹೋಲಿಕೆಗೆಂದೇ ಇಡುವ ಬ್ಲ್ಯಾಂಕ್ ಮಾದರಿಯ ಅಂಕಿಯನ್ನು ಪ್ರತಿ ಅಳತೆಯಿಂದಲೂ ಕಳೆದಿದ್ದೇನೆ. ಬೇರೆಯವರು ಒಂದು ಸಲ ಮಾಡಿಟ್ಟ ಬ್ಲ್ಯಾಂಕನ್ನು ವಾರಗಟ್ಟಲೆ ಓಡಿಸುತ್ತಿದ್ದರು. ನಾನು ಅಳೆಯುವ ದಿನ ಬೆಳಿಗ್ಗೆ ನನ್ನ ಕೈಯಾರೆ ಹೊಸದಾಗಿ ಮಾಡುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಹಳೆಯ ಬ್ಲ್ಯಾಂಕ್ ಬಳಸಿಲ್ಲ. ನಿನ್ನ ಗೈಡ್ ನನ್ನನ್ನು ಮಡಿವಂತ ಎಂದು ಕರೆಯುತ್ತಿದ್ದುದು ಇದೇ ಕಾರಣಕ್ಕೆ. ಈಗಲೂ ಕರೆಯುತ್ತಿದ್ದರೆ ಕರೆಯಲಿ.

ಇನ್ನು ಬರೆಯುವುದಿಲ್ಲ.

ಚಿಕ್ಕಪ್ಪ


ಏಪ್ರಿಲ್ ೧೬

ಚಿಕ್ಕಪ್ಪನವರಿಗೆ,

ನೀವು ಬರೆಯದಿದ್ದರೆ ಬೇಡ. ಓದಿ.

ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವವರು ನಿಮ್ಮ ಕಾಲದಿಂದಲೂ ಇದ್ದಾರೆ. ಎಲ್ಲರೂ ಅವರನ್ನು ಗಾಜಣ್ಣ ಅನ್ನುತ್ತಾರೆ. ನೀವೂ ಹಾಗೇ ಅನ್ನುತ್ತಿದ್ದಿರಂತೆ. ನಿನ್ನೆ ಬೀಕರ್ ಒರೆಸುತ್ತಾ ನಿಮ್ಮ ಪ್ರತಾಪ ಹೇಳುತ್ತಿದ್ದರು.

"ನಿಮ್ಮ ಚಿಕ್ಕಪ್ಪ ಅಂದ್ರೆ ಸಾಮಾನ್ಯ ಅಲ್ಲಮ್ಮ. ನಾನು ಆರು ಸಲ ತೊಳೆದ ಗ್ಲಾಸ್ನ ಏಳ್ನೇ ಸಲ ತಾವೇ ತೊಳೀತಿದ್ರು. ಆಮೇಲೆ ನನಗೇ 'ಥ್ಯಾಂಕ್ಸ್ ಗಾಜಣ್ಣ' ಅನ್ನೋರು. ಮೈ ಉರಿಯೋದು!"

"ಆರ್‌ಎನ್‌ಎ ಪ್ಲೇಟ್ ಎಲ್ಲಿಡ್ತಿದ್ರು, ನೆನಪಿದ್ಯಾ?"

"ಅದನ್ನ ಮರೆಯೋಕಾಗುತ್ತಾ? ಕಾರಿಡಾರ್ ಫ್ರಿಜ್ಜಲ್ಲಿ. ಅಳೆಯೋ ಯಂತ್ರ ಆಗೆಲ್ಲ ಸಂಜೆ ಐದಕ್ಕೆ ಬೇರೆಯವರಿಗೆ ಹೋಗ್ತಿತ್ತು. ಡಿಎನ್‌ಎದು ಹತ್ತು ನಿಮಿಷದ ಕೆಲಸ, ಅವತ್ತೇ ಮುಗಿಯೋದು. ಈ ಆರ್‌ಎನ್‌ಎ ಸೋಮಾರಿ, ಎರಡು ಗಂಟೆ ಬೇಕು. ಹಾಗಾಗಿ ಪ್ಲೇಟು ಫ್ರಿಜ್ಜಲ್ಲಿಟ್ಟು ಮಾರನೇ ದಿನ ಅಳೆಯೋರು. ಅಯ್ಯೋ, ಆ ಫ್ರಿಜ್ಜಿನ ಬಾಗ್ಲು ತೆಗೆದ್ರೆ ಕಣ್ಣಲ್ಲಿ ಬಳಬಳ ನೀರು. ಪಕ್ಕದ ಕೋಣೆಯೋರು ಅಂಗಾಂಶದ ಚೂರುಗಳನ್ನ ಜಾಡಿಲಿ ಹಾಕಿ ಕೆಳಗಿನ ಹಲಗೇಲಿ ಇಡ್ತಿದ್ರಲ್ಲ. ನಿಮ್ಮ ಚಿಕ್ಕಪ್ಪ ಮೂಗು ಮುಚ್ಕೊಂಡೇ ಪ್ಲೇಟ್ ಇಡೋರು."

ಅಂಗಾಂಶದ ಚೂರುಗಳನ್ನು ಯಾವ ದ್ರವದಲ್ಲಿ ಕೆಡದಂತೆ ಇಡುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫಾರ್ಮಲಿನ್. ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್. ನೀವು ಅಳೆಯುತ್ತಿದ್ದುದೂ ಅದನ್ನೇ.

ನಿಮ್ಮ ಆರ್‌ಎನ್‌ಎ ಪ್ಲೇಟುಗಳು ಆ ಗಾಳಿಯನ್ನು ಹೀರುತ್ತಾ ಅಲ್ಲಿ ಕೂತಿದ್ದವು. ನಿಮ್ಮ ಬ್ಲ್ಯಾಂಕ್ ಮಾತ್ರ ಆ ಫ್ರಿಜ್ಜಿನ ಮುಖವನ್ನೇ ನೋಡಲಿಲ್ಲ. ಬೆಳಿಗ್ಗೆ ಹೊಸದಾಗಿ, ನಿಮ್ಮ ಕೈಯಾರೆ. ವಾರದ ಹಳೆಯ ಬ್ಲ್ಯಾಂಕ್ ಓಡಿಸುವ ಯಾವ ಸೋಮಾರಿಯಾದರೂ ಅದನ್ನೂ ಅದೇ ಫ್ರಿಜ್ಜಿನಲ್ಲಿಟ್ಟು, ತನಗರಿವಿಲ್ಲದೆ ಸರಿಯಾದ ಅಂಕಿ ಪಡೆಯುತ್ತಿದ್ದ. ನೀವಾಗಿದ್ದರಿಂದಲೇ ತಪ್ಪಾಯಿತು.

ಇದು ನನ್ನ ಊಹೆ. ಆ ಫ್ರಿಜ್ ಗುಜರಿಗೆ ಹೋಗಿ ಹತ್ತು ವರ್ಷವಾಗಿದೆ. ಗಾಜಣ್ಣನ ಮಾತನ್ನು ಸಮಿತಿ ಕೇಳುವುದಿಲ್ಲ. ಪ್ಲೇಟ್ ಇಟ್ಟ ಕೈ ನಿಮ್ಮದು. ನೀವು ಹೇಳಬೇಕು.

ಅಣ್ಣನ ಮಗಳು


ಮೇ ೯

ಚಿಕ್ಕಪ್ಪನವರಿಗೆ,

ಪತ್ರ ಮುಟ್ಟಿದ್ದಕ್ಕೆ ನಿಮ್ಮ ಸಹಿ ಇರುವ ಚೀಟಿ ಬಂದಿದೆ. ಅಕ್ಷರ ಎಂದಿನಂತೆ ಅಚ್ಚುಕಟ್ಟು. ಉತ್ತರ ಇಲ್ಲ.

ಫ್ರಿಜ್ಜಿನ ವಿಷಯವನ್ನು ಗೈಡ್ ಮುಂದೆ ಇಟ್ಟೆ. ಅವರು ಕೂಗಾಡಲಿಲ್ಲ, ನಕ್ಕರು. "ಹದಿನೇಳು ವರ್ಷದಲ್ಲಿ ಇನ್ನೂರು ಜನ ಆ ಪೇಪರ್‌ನ ಉದಾಹರಿಸಿದಾರೆ. ನೀನು ಫ್ರಿಜ್ ಕಥೆ ಹೇಳ್ತೀಯ. ಒಂದು ಮಾಡು: 'ನನ್ನ ಕೈಯಲ್ಲಿ ಆಗಲಿಲ್ಲ' ಅಂತ ಬರೆದುಕೊಡು. ಸಮಿತಿಗೆ ಹೇಳಿ ಚಿಕ್ಕದೊಂದು ಪದವಿ ಕೊಡಿಸಿ ಮರ್ಯಾದೆಯಾಗಿ ಕಳಿಸ್ತೀನಿ." ಯೋಚಿಸಲು ಮೂರು ವಾರ ಕೊಟ್ಟಿದ್ದಾರೆ.

ಅಪ್ಪನಿಗೂ ಹೇಳಿದೆ. ಅವರು ಅಂದದ್ದು: "ಅವನು ಉತ್ತರ ಬರೆದಿಲ್ಲ ಅಂದ್ರೆ ಅಳೀತಿದಾನೆ ಅಂತ ಅರ್ಥ. ಸುಮ್ನಿರು." ನಿಮ್ಮ ಪರವಾಗಿ ನಮ್ಮ ಮನೆಯಲ್ಲಿ ಯಾರಾದರೂ ಮಾತಾಡುವುದನ್ನು ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಕೇಳಿದೆ. ನನಗೆ ಅದು ಹಿಡಿಸಲಿಲ್ಲ.

ಇನ್ನೂ ಕಾಯುತ್ತಿರುವ,
ಅಣ್ಣನ ಮಗಳು


ಮೇ ೨೭

ಅಣ್ಣನ ಮಗಳಿಗೆ,

ನಾನೀಗ ಇರುವ ಸಂಸ್ಥೆಯ ಅಂಗಾಂಶ ವಿಭಾಗದಿಂದ ಫಾರ್ಮಲಿನ್ ತುಂಬಿದ ನಾಲ್ಕು ಜಾಡಿಗಳನ್ನು ಎರವಲು ಪಡೆದೆ. ಅಂದಿನ ಅಳತೆಯದೇ ಆದ ಹಳೆಯ ಫ್ರಿಜ್ ಒಂದು ಉಗ್ರಾಣದಲ್ಲಿತ್ತು. ಜಾಡಿಗಳನ್ನು ಕೆಳಗಿನ ಹಲಗೆಯಲ್ಲಿಟ್ಟು, ಮುಚ್ಚಳಗಳನ್ನು ಅಂದು ಇರುತ್ತಿದ್ದಂತೆ ಅರೆಬರೆ ಬಿಗಿದೆ.

ಮೇಲಿನ ಹಲಗೆಯಲ್ಲಿ ಆರ್‌ಎನ್‌ಎ ಪ್ಲೇಟ್ ಇಟ್ಟೆ. ಅದರಲ್ಲಿ ಕಿಣ್ವ ಹಾಕಲಿಲ್ಲ. ಕಬ್ಬಿಣವನ್ನೂ ಹಾಕಲಿಲ್ಲ. ದುರಸ್ತಿ ಮಾಡಬಲ್ಲ ಯಾವುದೂ ಅದರಲ್ಲಿರಲಿಲ್ಲ. ಅಂಥದೇ ಇನ್ನೊಂದು ಪ್ಲೇಟನ್ನು ಜಾಡಿಗಳಿಲ್ಲದ ಬೇರೆ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಬ್ಲ್ಯಾಂಕನ್ನು ಹೊಸದಾಗಿ ಮಾಡಿ, ಫಾರ್ಮಾಲ್ಡಿಹೈಡ್ ಇದ್ದರೆ ಬಣ್ಣ ತಿರುಗುವ ದ್ರಾವಣ ಸೇರಿಸಿ ಅಳೆದೆ. ಹೀಗೆ ಒಂಬತ್ತು ದಿನ ಮಾಡಿದೆ.

ಜಾಡಿಗಳಿಲ್ಲದ ಫ್ರಿಜ್ಜಿನದು ಒಂಬತ್ತು ಸಲವೂ ಸೊನ್ನೆ. ಜಾಡಿಗಳಿದ್ದ ಫ್ರಿಜ್ಜಿನ ಸರಾಸರಿ ೩.೦, ಅತಿ ಕಡಿಮೆ ೨.೮, ಅತಿ ಹೆಚ್ಚು ೩.೩.

ಎರಡನೆಯ ಕೋಷ್ಟಕದ ಆರ್‌ಎನ್‌ಎ ಅಂಕಿ ಕಿಣ್ವದ್ದಲ್ಲ. ಪಕ್ಕದ ಕೋಣೆಯ ಜಾಡಿಗಳದು. ಡಿಎನ್‌ಎಯ ಪ್ಲೇಟುಗಳು ಫ್ರಿಜ್ಜಿಗೆ ಹೋಗಿರಲಿಲ್ಲವಾದ್ದರಿಂದ ಮೊದಲನೆಯ ಕೋಷ್ಟಕ ಉಳಿಯುತ್ತದೆ. ಆ ವಾಸನೆ ನಾಲ್ಕು ವರ್ಷ ನನ್ನ ಮೂಗಿಗೆ ಬಡಿದಿದೆ. ಮೂಗು ಮುಚ್ಚಿಕೊಂಡಿದ್ದೂ ನಿಜ. ಯೋಚಿಸಲಿಲ್ಲ.

ಈ ಅಂಕಿಗಳನ್ನೆಲ್ಲ ದಿನಾಂಕದೊಂದಿಗೆ ಸಮಿತಿಯ ಅಧ್ಯಕ್ಷರಿಗೂ ನಿನ್ನ ಗೈಡ್‌ಗೂ ಇಂದೇ ಕಳಿಸಿದ್ದೇನೆ. ಲೇಖನದಲ್ಲಿ ಹೆಸರಿರುವವನಾಗಿ ತಿದ್ದುಪಡಿಯನ್ನೂ ಕೇಳಿದ್ದೇನೆ.

ಇದನ್ನು ಉಪಕಾರವೆಂದು ಎಣಿಸಬೇಡ, ನಿನಗಾಗಿ ಮಾಡಿದ್ದಲ್ಲ. ಅಣ್ಣನ ಯಂತ್ರದ ಬಗ್ಗೆ ಬರೆದದ್ದನ್ನೂ ನಾನು ಬದಲಿಸುವುದಿಲ್ಲ. ಅದನ್ನು ಅಳೆದಿದ್ದೆ. ಇದನ್ನೂ ಅಳೆದೆ.

ನಿನ್ನ ಮೂರನೆಯ ಪತ್ರದಲ್ಲಿ 'ಸೋಮಾರಿ' ಎಂಬ ಮಾತು ಎರಡು ಸಲ ಬಂದಿದೆ. ಒಮ್ಮೆ ಸಾಕಿತ್ತು.

ಚಿಕ್ಕಪ್ಪ


ಜೂನ್ ೧೭

ಚಿಕ್ಕಪ್ಪನವರಿಗೆ,

ಸಮಿತಿ ಸೇರಿತು. ನಿಮ್ಮ ಅಂಕಿಗಳನ್ನು ಅಧ್ಯಕ್ಷರು ಎರಡು ಸಲ ಓದಿಸಿದರು. ನನ್ನ ನೋಂದಣಿ ರದ್ದಾಗಲಿಲ್ಲ. ಇಷ್ಟನ್ನು ತಿಳಿಸುವುದು ನನ್ನ ಕರ್ತವ್ಯ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ತಿದ್ದುಪಡಿಯ ಕರಡನ್ನು ಗೈಡ್ ಬರೆದಿದ್ದಾರೆ. "ಅಳತೆ ಮಾಡಿದ ತಂತ್ರಜ್ಞರ ಅಜಾಗರೂಕತೆಯಿಂದಾಗಿ ಎರಡನೆಯ ಕೋಷ್ಟಕದ ಆರ್‌ಎನ್‌ಎ ಅಂಕಿ ತಪ್ಪಾಗಿದೆ." ಕೆಳಗೆ ಅವರ ಸಹಿ. ಅದರ ಕೆಳಗೆ ನನ್ನ ಸಹಿಗೆ ಜಾಗ. ಸೊನ್ನೆಗಳು ನನ್ನವಾದ್ದರಿಂದ ನನ್ನ ಹೆಸರೂ ಬೇಕಂತೆ. ನಿಮ್ಮ ಹೆಸರಿಗೆ ಜಾಗವೇ ಇಲ್ಲ.

"ಸರ್, ಅಜಾಗರೂಕತೆ ಅನ್ನೋದು ಸರಿಯಲ್ಲ" ಅಂದೆ.

"ಓಹೋ, ರಕ್ತ ಸಂಬಂಧ ಮಾತಾಡ್ತಿದ್ಯಾ?" ಅಂದರು. "ಸಹಿ ಹಾಕಮ್ಮ. ನಿನ್ನ ಪ್ರಬಂಧ ಮುಂದಕ್ಕೆ ಹೋಗಬೇಕು ಅಂದ್ರೆ ನನ್ನ ಸಹಿಯೂ ಬೇಕಲ್ವಾ? ಕೊಡು, ತಗೋ."

ಉತ್ತರ ಕೊಡಲು ಜುಲೈ ಮೊದಲ ವಾರದವರೆಗೆ ಸಮಯವಿದೆ. ನಿಮ್ಮನ್ನು ಏನೂ ಕೇಳುತ್ತಿಲ್ಲ. ನಿಮ್ಮ ಹೆಸರಿನ ವಿಷಯವಾದ್ದರಿಂದ ತಿಳಿಸಿದೆ.

ಅಣ್ಣನ ಮಗಳು


ಜೂನ್ ೨೫

ಅಣ್ಣನ ಮಗಳಿಗೆ,

ಸಹಿ ಹಾಕು.

ನಾಲ್ಕು ವರ್ಷ ಹಾಕಿದ್ದೀಯೆ. ಆ ಪದ ನನ್ನ ಮೇಲೆ ಬಿದ್ದರೆ ನನಗಾಗುವ ನಷ್ಟ ಅಲ್ಪ. ನನ್ನ ಸೇವೆ ಇನ್ನು ಎಂಟು ವರ್ಷ, ಪಿಪೆಟ್ಟುಗಳ ಅಳತೆ ನೋಡುವ ಕೆಲಸವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅಂಕಿ ತಪ್ಪಾಗಿತ್ತು. ಅಳೆದವನು ನಾನು. ಯಾವ ಪದ ಬಳಸಿದರೂ ಆ ಎರಡು ಸಂಗತಿಗಳು ಬದಲಾಗುವುದಿಲ್ಲ.

ನನ್ನ ಹೆಸರಿಗೆ ಕಾವಲು ಕಾಯಲು ನಿನ್ನನ್ನು ಯಾರೂ ನೇಮಿಸಿಲ್ಲ. ನಾನಂತೂ ನೇಮಿಸಿಲ್ಲ. ನನ್ನ ನೆಪದಲ್ಲಿ ನೀನು ಸ್ಥಾನ ಕಳೆದುಕೊಂಡರೆ ಅದನ್ನೂ ನಿನ್ನ ಮನೆಯಲ್ಲಿ ನನ್ನ ಲೆಕ್ಕಕ್ಕೇ ಬರೆಯುತ್ತಾರೆ. ಆ ಲೆಕ್ಕ ಈಗಾಗಲೇ ಸಾಕಷ್ಟು ಉದ್ದವಿದೆ.

ಸಹಿ ಹಾಕಿದ್ದೇನೆ ಎಂದು ಒಂದು ಸಾಲು ತಿಳಿಸು.

ಚಿಕ್ಕಪ್ಪ


ಜುಲೈ ೧೧

ಚಿಕ್ಕಪ್ಪನವರಿಗೆ,

ಸಹಿ ಹಾಕಲಿಲ್ಲ.

ನಿಮಗಾಗಿ ಎಂದುಕೊಳ್ಳಬೇಡಿ. ನೀವು ಐದನೆಯ ದಿನ ಬರೆದುಕೊಟ್ಟು ಬಸ್ ಹತ್ತಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು. ನೀವು ತಿರುಗಿ ನೋಡಲಿಲ್ಲ. ನಲವತ್ತು ಮಾದರಿ ಹೊಂದಿದ್ದವು, ಒಪ್ಪಿದೆ. ತಿರುಗಿ ನೋಡಲು ಯಾವ ಮಾದರಿ ಅಡ್ಡ ಬಂದಿತ್ತು? ಅದನ್ನು ನಾನು ಬಿಟ್ಟುಕೊಟ್ಟಿಲ್ಲ.

ಗೈಡ್ ನನ್ನನ್ನು ಅಧ್ಯಕ್ಷರ ಮುಂದೆ ನಿಲ್ಲಿಸಿದರು. ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು:

"ಏನಮ್ಮ, ಒಂದು ಪದಕ್ಕೆ ಇಷ್ಟು ಹಠಾನಾ?"

"ಸರ್, ಅಜಾಗರೂಕತೆ ಅಂತ ಅಚ್ಚಾದ್ರೆ ಓದಿದೋರು ಏನ್ಮಾಡ್ತಾರೆ? ಇನ್ನೂ ಜಾಗರೂಕರಾಗ್ತಾರೆ. ಜಾಗರೂಕರಾಗಿ ಏನ್ಮಾಡ್ತಾರೆ? ಬ್ಲ್ಯಾಂಕನ್ನ ಬೆಳಿಗ್ಗೆ ಹೊಸದಾಗಿ ಮಾಡ್ತಾರೆ. ಮತ್ತೆ ಇದೇ ತಪ್ಪು."

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡು ಕರಡನ್ನು ಕೈಗೆತ್ತಿಕೊಂಡರು. ನಾನು ಮುಂದುವರಿಸಿದೆ:

"ತಪ್ಪಾಗಿದ್ದು ಬ್ಲ್ಯಾಂಕು ಪ್ಲೇಟಿನ ಜೊತೆ ಅದೇ ಫ್ರಿಜ್ಜಲ್ಲಿ ಕೂರಲಿಲ್ಲ ಅಂತ. ಅದನ್ನ ಬರೆದ್ರೆ ಹಾಕ್ತೀನಿ."

"ಬರೆಯದಿದ್ರೆ?" ಇದು ಗೈಡ್.

"ಹಾಕಲ್ಲ, ಸರ್."

"ಹಾಗಿದ್ರೆ ನನ್ನ ಲ್ಯಾಬಲ್ಲಿ ನಿನಗೆ ಮೇಜಿಲ್ಲ."

ಹೀಗೆ ಮುಗಿಯಿತು. ಅಧ್ಯಕ್ಷರು ನನ್ನನ್ನು ಬೇರೊಬ್ಬ ಗೈಡ್ ಹತ್ತಿರ ಹಾಕಿದ್ದಾರೆ. ಆ ಲ್ಯಾಬಿನಲ್ಲಿ ಈ ಕಿಣ್ವವಿಲ್ಲ, ಕಬ್ಬಿಣವೂ ಇಲ್ಲ. ಹಳೆಯ ಕೆಲಸದಲ್ಲಿ ಪ್ರಬಂಧಕ್ಕೆ ಬರುವುದು ಒಂದು ಅಧ್ಯಾಯ. ಉಳಿದದ್ದನ್ನು ಮೊದಲಿನಿಂದ ಮಾಡಬೇಕು. ಎರಡು ವರ್ಷ, ಬೇಗ ಆದರೆ. ಅಪ್ಪನಿಗೆ ಹೇಳಿದಾಗ, "ನೀನೂ ಅವನ ಹಾಗೇ ಆದ್ಯಲ್ಲೇ" ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ನನಗೆ ಬೈಗುಳದಂತೆ ಕೇಳಿಸಿತು.

ತಿದ್ದುಪಡಿಯನ್ನು ನಾನೇ ಹೊಸದಾಗಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಗೈಡ್ ಸಹಿ ಹಾಕುವುದಿಲ್ಲ ಎಂದಿದ್ದಾರೆ. ಮೂಲ ಲೇಖನದವರಲ್ಲಿ ಒಬ್ಬರಾದರೂ ಹಾಕಿದರೆ ಪರಿಶೀಲಿಸುತ್ತೇವೆ ಎಂದು ಸಂಪಾದಕರು ಬರೆದಿದ್ದಾರೆ. ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕಾರಣದ ವಾಕ್ಯ ಹೀಗಿದೆ:

"ಬ್ಲ್ಯಾಂಕ್ ಮಾದರಿಯನ್ನು ಪ್ರತಿದಿನ ಬೆಳಿಗ್ಗೆ ಅತಿ ಎಚ್ಚರದಿಂದ ಹೊಸದಾಗಿ ತಯಾರಿಸಲಾಗುತ್ತಿತ್ತು; ಆ ಕಾರಣದಿಂದಲೇ, ಹಿಂದಿನ ದಿನದಿಂದ ಶೀತಕದಲ್ಲಿದ್ದ ಮಾದರಿಗಳು ಹೊರಗಿನಿಂದ ಹೀರಿದ ಫಾರ್ಮಾಲ್ಡಿಹೈಡನ್ನು ಲೆಕ್ಕದಿಂದ ಕಳೆದಂತಾಗಲಿಲ್ಲ."

ಒಂದು ಅಕ್ಷರವನ್ನೂ ಮೆದು ಮಾಡಿಲ್ಲ, ಗಡುಸೂ ಮಾಡಿಲ್ಲ. ಮೊದಲ ಸಹಿ ನನ್ನದು, ಹಾಕಿದ್ದೇನೆ. ಎರಡನೆಯ ಜಾಗ ನಿಮ್ಮದು. ನೀವು ಹಾಕದಿದ್ದರೆ ಇದು ಅಚ್ಚಾಗುವುದಿಲ್ಲ, ಗೈಡ್ ಬರೆದದ್ದು ಅವರೊಬ್ಬರ ಸಹಿಯಲ್ಲೇ ಅಚ್ಚಾಗುತ್ತದೆ. ಹಾಕಿದರೂ ನಾನು ನಿಮ್ಮ ಮನೆಗೆ ಬರುವುದಿಲ್ಲ.

ಅಣ್ಣನ ಮಗಳು